ಸಂಪಾಜೆ ಘಾಟಿಯಲ್ಲಿ ನಾವು

ಮೇಷ್ಟರ ಕೆಲಸಕ್ಕೆ ಸೇರಿದವರಿಗೆ ‘ನಾನು’ ಎನ್ನುವ ಅಭ್ಯಾಸ ಬೇಗನೆ ತಪ್ಪಿಹೋಗುತ್ತದೆ. “ನಿನ್ನೆ ನಾವು ಎಲ್ಲಿಗೆ ನಿಲ್ಲಿಸಿದ್ದೆವು?” ಎಂದು ಕೇಳುತ್ತೇವೆ, ನಿಲ್ಲಿಸಿದವರು ನಾವೊಬ್ಬರೇ. “ನಾಳೆ ನಾವು ಸಮಾಸ ಪ್ರಕರಣವನ್ನು ಮುಗಿಸೋಣ” ಎನ್ನುತ್ತೇವೆ. ಮುಗಿಯುವುದು ಪ್ರಕರಣವಲ್ಲ, ಮಕ್ಕಳ ತಾಳ್ಮೆ. ಮನೆಯಲ್ಲಿಯೂ ಈ ಚಾಳಿ ಬಿಡದು. “ನಾವು ಊಟಕ್ಕೆ ಬರುತ್ತೇವೆ” ಎಂದರೆ “ಎಷ್ಟು ಎಲೆ ಹಾಕಲಿ?” ಎಂದು ಮನೆಯವರು ಕೇಳಿದ್ದುಂಟು. ಆದುದರಿಂದ ಈ ಲೇಖನದಲ್ಲಿ ‘ನಾವು’ ಎಂದಿರುವಲ್ಲಿ ಕೆಲವೆಡೆ ಹನ್ನೆರಡು ಮಂದಿ ಇದ್ದಾರೆ, ಕೆಲವೆಡೆ ಕನ್ನಡ ಮೇಷ್ಟರೊಬ್ಬರೇ ಇದ್ದಾರೆ. ಯಾವುದು ಎಲ್ಲಿ ಎಂಬುದನ್ನು ವಾಚಕರು ಸಂದರ್ಭದಿಂದ ತಿಳಿದುಕೊಳ್ಳಬೇಕಾಗಿ ವಿನಂತಿ. ಈ ‘ಸಂದರ್ಭ’ ಎಂಬ ಮಾತಿನಿಂದಲೇ ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಸಂಪಾಜೆ ಘಾಟಿಯ ಚಡಾವಿನಲ್ಲಿ ನಮಗೊಂದು ಪಾಠವಾಯಿತು. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಮೊದಲು ತರಗತಿಯ ಮಾತು. ಜೂನ್ ತಿಂಗಳ ಒಂದು ಮಳೆಯ ದಿನ ಒಂಬತ್ತನೆಯ ತರಗತಿಗೆ ಸರ್ವನಾಮ ಕಲಿಸುತ್ತಿದ್ದೆವು. ನಮ್ಮದು ಗಡಿನಾಡಿನ ಶಾಲೆ. ಒಂದೇ ಕೋಣೆಯಲ್ಲಿ ತುಳು, ಮಲೆಯಾಳ, ಹವ್ಯಕ, ಕೊಂಕಣಿ, ಬ್ಯಾರಿ, ಮರಾಠಿ ಎಂದು ಐದಾರು ಮನೆಮಾತುಗಳ ಮಕ್ಕಳು ಕುಳಿತಿರುತ್ತಾರೆ. ಅವರೆಲ್ಲರೂ ಕೂಡಿ ಮಾತಾಡುವ ಚಾವಡಿಯೆಂದರೆ ಕನ್ನಡ. ನಾವೂ ಹೀಗೆಯೇ ಒಂದು ಕಾಲನ್ನು ಕನ್ನಡದಲ್ಲಿ, ಇನ್ನೊಂದು ಕಾಲನ್ನು ಮಲೆಯಾಳದಲ್ಲಿ ಇಟ್ಟುಕೊಂಡು ಓದಿದವರು. “ಉತ್ತಮ ಪುರುಷ, ಬಹುವಚನ: ನಾವು” ಎಂದು ಕರಿಹಲಗೆಯ ಮೇಲೆ ಬರೆದು, “ಇದಕ್ಕೆ ನಿಮ್ಮ ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ?” ಎಂದು ಕೇಳಿದೆವು.

ಆಗ ತಮಾಷೆ ಶುರುವಾಯಿತು. ತುಳುವಿನ ಮಕ್ಕಳಲ್ಲಿ ಒಬ್ಬ ‘ನಮ’ ಎಂದ, ಇನ್ನೊಬ್ಬ ‘ಎಂಕುಲು’ ಎಂದ. ಇಬ್ಬರದ್ದೂ ಸರಿ. ಕೇಳುವವನನ್ನೂ ಸೇರಿಸಿಕೊಂಡು ಹೇಳಿದರೆ ‘ನಮ’. ಅವನನ್ನು ಹೊರಗಿಟ್ಟು ಹೇಳಿದರೆ ‘ಎಂಕುಲು’. ಮಲೆಯಾಳದಲ್ಲಿಯೂ ಅದೇ ಲೆಕ್ಕ: ‘ನಮ್ಮಳ್’ ಬೇರೆ, ‘ಞಙ್ಙಳ್’ ಬೇರೆ. ಹವ್ಯಕರ ಮನೆಗಳಲ್ಲಿ ಎಲ್ಲರೂ ಸೇರಿದರೆ ‘ನಾವು’, ಕೇಳುವವನು ಸೇರದಿದ್ದರೆ ‘ಎಂಗೊ’. ನಮ್ಮ ಪಠ್ಯಪುಸ್ತಕದ ಕನ್ನಡದಲ್ಲಿ ಮಾತ್ರ ಎರಡಕ್ಕೂ ಒಂದೇ ‘ನಾವು’. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಹಾಗಾದರೆ ಕನ್ನಡದಲ್ಲಿ ನಾವು ಅಂದರೆ ಯಾವ ನಾವು ಅಂತ ಹೇಗೆ ಗೊತ್ತಾಗುವುದು ಸಾರ್?” ಎಂದಳು. “ಸಂದರ್ಭದಿಂದ” ಎಂದೆವು. ಅಷ್ಟರಲ್ಲಿ ಗಂಟೆ ಹೊಡೆಯಿತು; ಬಚಾವಾದೆವು.

ಇನ್ನು ಸೈಕಲಿನ ಮಾತು. ನಮ್ಮ ಶಾಲೆಯಿಂದ ಸ್ವಲ್ಪವೇ ದೂರದಲ್ಲಿ ಪಯಸ್ವಿನಿ ಹರಿಯುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸಂಪಾಜೆ, ಸುಳ್ಯಗಳನ್ನು ಹಾದು, ನಮ್ಮ ಸೀಮೆಗಿಳಿದು, ಕೊನೆಗೆ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಕಡಲು ಸೇರುವ ಹೊಳೆ ಅದು. ಮಕ್ಕಳಿಗೆ ಈ ಹೊಳೆಯ ಹೆಸರು ಬಾಯಿಪಾಠ. ಆದರೆ ಅವರು ಅದನ್ನು ಕೇಳಿದ್ದು ಹೆಚ್ಚಾಗಿ ಭಾಷಣಗಳಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಮತ್ತು ಪಯಸ್ವಿನಿಯ ಉತ್ತರಕ್ಕಿರುವ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ವರದಿ ಮಾಡಿದ್ದು, ಆ ವರದಿ ಜಾರಿಗೆ ಬಾರದೆ ಉಳಿದದ್ದು ಎಲ್ಲವೂ ಅವರಿಗೆ ಗೊತ್ತು. ಹೀಗೆ ನಕ್ಷೆಯ ಮೇಲಿನ ಗೆರೆಯಾಗಿ ಗೊತ್ತಿದ್ದ ಹೊಳೆಯನ್ನು ನೀರಾಗಿ ಒಮ್ಮೆ ನೋಡಬೇಕು, ಅದು ಇಳಿದು ಬರುವ ದಾರಿಯಲ್ಲಿ ನಾವು ಹತ್ತಿಕೊಂಡು ಹೋಗಬೇಕು ಎಂಬ ಯೋಚನೆ ಶಿಕ್ಷಕರ ಕೊಠಡಿಯಲ್ಲಿ ಚಹಾ ಕುಡಿಯುವಾಗ ಹುಟ್ಟಿತು. “ಬಸ್ಸಿನಲ್ಲಿ ಹೋದರೆ ಹೊಳೆ ಕಾಣುವುದಿಲ್ಲ, ನಿದ್ರೆ ಬರುತ್ತದೆ” ಎಂದು ದೈಹಿಕ ಶಿಕ್ಷಣದ ಮೇಷ್ಟರು ಸೈಕಲನ್ನು ಸೂಚಿಸಿದರು. ಉತ್ಸಾಹದಲ್ಲಿ ನಾವೂ ಹೂಂಗುಟ್ಟಿದೆವು. ನಲವತ್ತು ದಾಟಿದ ಮೇಲೆ ಹೂಂಗುಟ್ಟುವ ಮೊದಲು ಮೊಣಕಾಲನ್ನು ಒಂದು ಮಾತು ಕೇಳಬೇಕು ಎಂಬುದು ಆಗ ತಿಳಿದಿರಲಿಲ್ಲ.

ಮುಖ್ಯೋಪಾಧ್ಯಾಯರ ಅನುಮತಿ, ಹೆತ್ತವರ ಒಪ್ಪಿಗೆ ಪತ್ರ, ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ಹೊಳೆಯುವ ಪಟ್ಟಿ ಎಲ್ಲವೂ ಸಿದ್ಧವಾದವು. ಮೂವರು ಮೇಷ್ಟರು, ಆರು ಹುಡುಗರು, ಮೂವರು ಹುಡುಗಿಯರು, ಹೀಗೆ ಸೈಕಲಿನ ಮೇಲೆ ಹನ್ನೆರಡು ಮಂದಿ. ವಿದ್ಯಾರ್ಥಿಯೊಬ್ಬನ ತಂದೆ ತಮ್ಮ ಪಿಕಪ್ ಗಾಡಿಯನ್ನು ಹಿಂದಿನಿಂದ ತರಲು ಒಪ್ಪಿದರು. ಹಿಂದಿ ಟೀಚರ್ ಬಿಸ್ಕತ್ತು, ಬಾಳೆಹಣ್ಣು, ಬೆಲ್ಲ, ಔಷಧಿಪೆಟ್ಟಿಗೆಗಳೊಂದಿಗೆ ಅದರಲ್ಲಿ ಕುಳಿತರು. ಮೊದಲನೆಯ ದಿನ ಮುಳ್ಳೇರಿಯ, ಆದೂರು, ಜಾಲ್ಸೂರಿನ ದಾರಿಯಾಗಿ ಸುಳ್ಯಕ್ಕೆ ಬಂದು, ಪರಿಚಿತರೊಬ್ಬರ ಮನೆಯಲ್ಲಿ ಉಳಿದೆವು. ಡಿಸೆಂಬರ್ ತಿಂಗಳಾದುದರಿಂದ ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ರಾತ್ರಿ ಜಗಲಿಯಲ್ಲಿ ಮಲಗಿ ಮಕ್ಕಳಿಗೆ ಅಮರ ಸುಳ್ಯದ ರೈತರ ಕಥೆ ಹೇಳಿದೆವು. 1837ರಲ್ಲಿ ಕಂಪೆನಿ ಸರಕಾರದ ವಿರುದ್ಧ ಎದ್ದು ನಿಂತ ಅವರು ಇಲ್ಲಿಂದ ಮಂಗಳೂರಿನವರೆಗೆ ನಡೆದು, ಹದಿಮೂರು ದಿನ ಆ ಊರನ್ನು ತಮ್ಮ ಕೈಯಲ್ಲಿಟ್ಟುಕೊಂಡಿದ್ದರು. “ಅವರು ನಡೆದೇ ಹೋದರು, ನಮಗೆ ಸೈಕಲಾದರೂ ಉಂಟು” ಎಂದು ಮುಕ್ತಾಯ ಮಾಡುವಷ್ಟರಲ್ಲಿ ಎಲ್ಲರಿಗೂ ನಿದ್ರೆ ಹತ್ತಿತ್ತು.

ಎರಡನೆಯ ದಿನವೇ ಮುಖ್ಯವಾದದ್ದು. ಸುಳ್ಯದಿಂದ ಮಡಿಕೇರಿಗೆ ಐವತ್ತು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಬಸ್ಸಿನವರಿಗೆ ಇದೊಂದು ದೂರವೇ ಅಲ್ಲ. ಆದರೆ ಮಡಿಕೇರಿ ಸಮುದ್ರಮಟ್ಟದಿಂದ ಸಾವಿರದ ನೂರು ಮೀಟರಿಗೂ ಎತ್ತರದಲ್ಲಿದೆ, ಮತ್ತು ಆ ಎತ್ತರದ ಹೆಚ್ಚಿನ ಪಾಲು ಸಂಪಾಜೆ ಕಳೆದ ಮೇಲಿನ ಮೂವತ್ತು ಕಿಲೋಮೀಟರಿನೊಳಗೆ ಸೇರಿಕೊಂಡಿದೆ. ಬೆಳಿಗ್ಗೆ ಆರೂವರೆಗೆ ಅವಲಕ್ಕಿ ಸಜ್ಜಿಗೆ ತಿಂದು ಹೊರಟೆವು. ಮಂಜು ಇನ್ನೂ ತೋಟಗಳ ಮೇಲೆಯೇ ಕುಳಿತಿತ್ತು. ಪೆರಾಜೆಯಲ್ಲಿ ಕೊಡಗು ಜಿಲ್ಲೆಯ ಫಲಕ ಕಾಣಿಸಿತು. ಅರಂತೋಡಿಗೆ ಬಂದಾಗ ಮತ್ತೆ ದಕ್ಷಿಣ ಕನ್ನಡ. ಕಲ್ಲುಗುಂಡಿ ದಾಟಿ ಸಂಪಾಜೆಗೆ ಬಂದಾಗ ಮರಳಿ ಕೊಡಗು. ಗಡಿಗಳು ಹೀಗೆ ಕಣ್ಣುಮುಚ್ಚಾಲೆ ಆಡುತ್ತಿರುವಾಗ ಹೊಳೆ ಮಾತ್ರ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ನಮ್ಮ ಜೊತೆಯಲ್ಲಿಯೇ ಬರುತ್ತಿತ್ತು. ನಮ್ಮೂರಿನಲ್ಲಿ ಅಗಲವಾಗಿ ಹರಿಯುವ ಹೊಳೆ ಇಲ್ಲಿ ಕಲ್ಲುಗಳ ನಡುವೆ ಸಪೂರವಾಗಿ ಸದ್ದು ಮಾಡುತ್ತಿತ್ತು. “ನಮ್ಮ ಹೊಳೆ ಇಲ್ಲಿ ಇನ್ನೂ ಪ್ರೈಮರಿ ಶಾಲೆಯಲ್ಲಿ ಉಂಟು” ಎಂದ ಒಬ್ಬ ಹುಡುಗ.

ಸಂಪಾಜೆಯಲ್ಲಿ ಚಹಾ ಕುಡಿದು ಹತ್ತು ಗಂಟೆಯ ಹೊತ್ತಿಗೆ ಘಾಟಿಗೆ ಇಳಿದೆವು, ಅಲ್ಲ, ಏರಿದೆವು. ವಿಜ್ಞಾನದ ಮೇಷ್ಟರು ಹೊರಡುವ ಮುನ್ನ ಲೆಕ್ಕ ಹಾಕಿ ತೋರಿಸಿದ್ದರು. ಹುಡುಗ, ಸೈಕಲು, ಚೀಲ ಎಲ್ಲ ಸೇರಿ ಎಪ್ಪತ್ತು ಕಿಲೋ ಎಂದಿಟ್ಟುಕೊಂಡರೆ, ಅದನ್ನು ಸಾವಿರ ಮೀಟರ್ ಎತ್ತಲು ಬೇಕಾದ ಕೆಲಸ ಆರು ಲಕ್ಷದ ಎಂಬತ್ತಾರು ಸಾವಿರ ಜೂಲು. ಎಂದರೆ ಸುಮಾರು 165 ಕಿಲೊ ಕ್ಯಾಲೊರಿ. ನಮ್ಮ ದೇಹ ತಿಂದ ಅನ್ನದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಕೆಲಸಕ್ಕೆ ಕೊಡುತ್ತದೆ, ಉಳಿದದ್ದು ಬಿಸಿಯಾಗಿ, ಬೆವರಾಗಿ ಹೋಗುತ್ತದೆ. ಆದ್ದರಿಂದ ಅದರ ನಾಲ್ಕು ಪಾಲು ತಿನ್ನಬೇಕು. ಕಾಗದದ ಮೇಲೆ ಇದು ಸುಲಭವಾಗಿ ಕಂಡಿತು. ಕೊಯಿನಾಡು ದಾಟುವಾಗ ಜೂಲುಗಳು ಒಂದೊಂದಾಗಿ ತೊಡೆಯಲ್ಲಿ ಎಣಿಕೆಗೆ ಸಿಕ್ಕತೊಡಗಿದವು.

ಚಡಾವಿನಲ್ಲಿ ಗುಂಪು ಗುಂಪಾಗಿ ಉಳಿಯುವುದಿಲ್ಲ. ಗೇರಿನ ಸೈಕಲಿನ ನಾಲ್ವರು ದೈಹಿಕ ಶಿಕ್ಷಣದ ಮೇಷ್ಟರೊಂದಿಗೆ ತಿರುವಿನಾಚೆ ಮಾಯವಾದರು. ನಡುವೆ ನಾಲ್ವರು ಮಕ್ಕಳೊಂದಿಗೆ ವಿಜ್ಞಾನದ ಮೇಷ್ಟರು. ಎಲ್ಲರಿಗಿಂತ ಹಿಂದೆ ಹತ್ತನೆಯ ತರಗತಿಯ ಒಬ್ಬ ಹುಡುಗ, ಅವನ ಜೊತೆಗೆ ನಾವು. ಅವನದು ತಂದೆಯ ಹಳೆಯ ಸೈಕಲು. ದಿನಾ ಬೆಳಿಗ್ಗೆ ಕ್ಯಾರಿಯರಿನ ಎರಡು ಬದಿಗೆ ಹಾಲಿನ ಕ್ಯಾನು ತೂಗುಹಾಕಿ ಸೊಸೈಟಿಗೆ ಕೊಂಡೊಯ್ಯುವ ಸೈಕಲು. ಗೇರು ಇಲ್ಲ, ಕ್ಯಾನು ಕಟ್ಟುವ ಕಬ್ಬಿಣದ ಕೊಕ್ಕೆಗಳು ಹಾಗೆಯೇ ಉಂಟು. ನಮ್ಮದು ಬಾವನ ಮಗನಿಂದ ಎರವಲು ತಂದ ಇಪ್ಪತ್ತೊಂದು ಗೇರಿನ ಸೈಕಲು. ಹುಡುಗ ಸ್ವಲ್ಪ ತುಳಿಯುವನು, ಇಳಿಯುವನು, ತಳ್ಳುವನು; ಮತ್ತೆ ಹತ್ತುವನು. ಮಾತು ಕಡಿಮೆ. ತರಗತಿಯಲ್ಲಿಯೂ ಅವನು ಕೊನೆಯ ಬೆಂಚಿನವನೇ. ಉತ್ತರ ಗೊತ್ತಿದ್ದರೂ ಹೇಳಲು ನಿಧಾನ. ಅವನ ಬಾಯಿಂದ ಉತ್ತರ ಹೊರಡುವ ಮೊದಲು ನಾವು ಮುಂದಿನವನನ್ನು ಕೇಳಿ ಮುಗಿಸುತ್ತಿದ್ದೆವು. ಪಾಠ ಮುಂದುವರಿಯಬೇಕಲ್ಲ!

ಜೋಡುಪಾಲಕ್ಕೆ ಬಂದಾಗ ಗಂಟೆ ಒಂದೂವರೆ. ನಡುವಿನ ಗುಂಪು ಅಲ್ಲಿನ ಗೂಡಂಗಡಿಯಲ್ಲಿ ನಮಗಾಗಿ ಕಾದಿತ್ತು. ಈ ಊರಿನ ಹೆಸರನ್ನು 2018ರ ಆಗಸ್ಟಿನಲ್ಲಿ ಎಲ್ಲರೂ ಕೇಳಿದ್ದೆವು. ಆ ಮಳೆಗೆ ಜೋಡುಪಾಲ, ಮೊಣ್ಣಂಗೇರಿ, ಮದೆನಾಡು ಕಡೆಯ ಗುಡ್ಡಗಳು ಜರಿದು ಬಂದವು, ಜೀವಗಳು ಹೋದವು, ಮನೆ ತೋಟಗಳು ಮಣ್ಣಾದವು, ಈ ಹೆದ್ದಾರಿಯೇ ಕಡಿದುಹೋಗಿತ್ತು. ಈಗ ಗುಡ್ಡದ ಗಾಯದ ಮೇಲೆ ಹಸುರು ಚಿಗುರಿದೆ. ತಿಳಿದವರು ತೋರಿಸಿದರೆ ಮಾತ್ರ ಗುರುತು ಸಿಗುತ್ತದೆ. ಅಂಗಡಿಯ ಹಿರಿಯರು ಕಟ್ಟಚಾಯ ಕೊಡುತ್ತಾ ಅಂದಿನ ಕಥೆ ಹೇಳಿದರು. ಗುಡ್ಡ ಗುಡುಗಿದ ಹಾಗೆ ಸದ್ದಾದದ್ದು, ಕೆಸರಿನಲ್ಲಿ ಸೊಂಟದವರೆಗೆ ಹೂತು ನಡೆದದ್ದು, ನಡೆಯಲಾರದ ಅಜ್ಜಿಯೊಬ್ಬರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ನಾಲ್ವರು ಹೊತ್ತದ್ದು. “ಓಡಬಹುದಾದವರು ಓಡಬಹುದಿತ್ತು ಮಾಸ್ಟ್ರೇ, ಯಾರೂ ಓಡಲಿಲ್ಲ” ಎಂದರು. ನಮ್ಮ ಗಂಟಲು ಕಟ್ಟಿತು. ಮಕ್ಕಳ ಕಡೆಗೆ ತಿರುಗಿ, “ಕೇಳಿದಿರಾ, ಇದೇ ನಿಜವಾದ ಸಮಾಜ ಪಾಠ” ಎಂದೆವು.

ಹಾಗೆ ಹೇಳಿ ಹತ್ತು ನಿಮಿಷವಾಗಿರಲಿಕ್ಕಿಲ್ಲ. ಪಿಕಪ್ಪಿನವರು ಗಡಿಯಾರ ನೋಡಿ, “ಹೀಗೆ ಹೋದರೆ ಮಡಿಕೇರಿಗೆ ಮುಟ್ಟುವಾಗ ರಾತ್ರಿ. ಮುಂದೆ ಕಾಡು, ಆನೆ ಬರುವ ಜಾಗ” ಎಂದರು. ಅವರ ಮಾತು ಸುಳ್ಳಲ್ಲ. ಅದಲ್ಲದೆ ರಾಜಾಸೀಟಿನಲ್ಲಿ ಸೂರ್ಯಾಸ್ತ ತೋರಿಸುತ್ತೇವೆಂದು ನಾವು ಮಕ್ಕಳಿಗೆ ಮಾತು ಕೊಟ್ಟಿದ್ದೆವು. ನಾವು ಹುಡುಗನ ಹೆಗಲ ಮೇಲೆ ಕೈಯಿಟ್ಟು ಬಹಳ ಮೃದುವಾಗಿ, “ನೋಡು, ನಾವು ಕತ್ತಲಾಗುವ ಮೊದಲು ತಲುಪಬೇಕಲ್ಲ. ನೀನು ಸೈಕಲನ್ನು ಗಾಡಿಗೆ ಹಾಕಿ ಅದರಲ್ಲಿ ಬಾ” ಎಂದೆವು.

ಅವನು ಎದುರು ಮಾತಾಡಲಿಲ್ಲ. ಸೈಕಲನ್ನು ತಾನೇ ಎತ್ತಿ ಗಾಡಿಗೆ ಹಾಕಿದ. ಮುಂದೆ ಟೀಚರ ಬಳಿ ಜಾಗವಿದ್ದರೂ ಹಿಂದೆ ಸೈಕಲಿನ ಪಕ್ಕದಲ್ಲಿ, ನಮ್ಮ ಕಡೆಗೆ ಬೆನ್ನು ಮಾಡಿ, ಬಂದ ದಾರಿಯನ್ನು ನೋಡುತ್ತಾ ಕುಳಿತ. ಗಾಡಿ ನಮ್ಮನ್ನು ದಾಟಿಕೊಂಡು ಹೋಯಿತು.

ನಿಜ ಹೇಳಬೇಕೆಂದರೆ ಮೊದಲ ಒಂದು ಕಿಲೋಮೀಟರು ನಮಗೆ ಬಹಳ ಹಗುರವೆನಿಸಿತು. ಒಂದು ಜವಾಬ್ದಾರಿ ಇಳಿದ ಹಾಗೆ. ನಮ್ಮ ವೇಗದಲ್ಲಿ ನಾವು ತುಳಿಯಬಹುದು, ಮರಗಳನ್ನು ನೋಡಬಹುದು, ಹಕ್ಕಿಯ ಕೂಗು ಕೇಳಬಹುದು. ಮುಂದೆ ಇಬ್ಬರು ಹುಡುಗಿಯರು ಸೈಕಲನ್ನು ತಳ್ಳಿಕೊಂಡು ಮಾತಾಡುತ್ತಾ ಹೋಗುತ್ತಿದ್ದರು. ಅವರಲ್ಲೊಬ್ಬಳು ಜೂನ್ ತಿಂಗಳಲ್ಲಿ ಸರ್ವನಾಮದ ಪ್ರಶ್ನೆ ಕೇಳಿದವಳು. ನಾವು ಹಿಂದೆ ಇದ್ದೇವೆಂದು ಅವಳಿಗೆ ತಿಳಿದಿರಲಿಲ್ಲ. ಗೆಳತಿಗೆ ಹೇಳುತ್ತಿದ್ದಳು: “ಈಗ ಗೊತ್ತಾಯಿತಲ್ಲ, ಸಾರ್ ಹೇಳಿದ ನಾವು ‘ನಮ’ ಅಲ್ಲ, ‘ಎಂಕುಲು’.”

ನಾವು ಬ್ರೇಕು ಹಾಕಿ ನಿಂತೆವು. ದಮ್ಮು ಹತ್ತಿದೆ ಎಂದು ನಮಗೆ ನಾವೇ ಹೇಳಿಕೊಂಡು ರಸ್ತೆಯ ಬದಿಯ ಮೋರಿಕಲ್ಲಿನ ಮೇಲೆ ಕುಳಿತೆವು. ಮನಸ್ಸಿನೊಳಗೆ ವಾದ ಹೂಡಿದೆವು: ಅವನ ಹಿತಕ್ಕಾಗಿ ಅಲ್ಲವೇ? ಕತ್ತಲಲ್ಲಿ ಏನಾದರೂ ಆದರೆ ಹೆತ್ತವರಿಗೆ ಉತ್ತರ ಹೇಳುವವರು ಯಾರು? ವಾದವೇನೋ ಗಟ್ಟಿಯಾಗಿಯೇ ಇತ್ತು. ಆದರೆ ಅವನ ಹಿತವೇ ನಮ್ಮ ಮನಸ್ಸಿನಲ್ಲಿದ್ದರೆ ಅವನನ್ನು ಒಂದು ಮಾತು ಕೇಳುತ್ತಿದ್ದೆವು. ಕೇಳಿರಲಿಲ್ಲ. ಶಿಕ್ಷಕ ತರಬೇತಿಯ ಕಾಲದಲ್ಲಿ ‘ವೈಯಕ್ತಿಕ ಭಿನ್ನತೆಗಳು’ ಎಂಬ ವಿಷಯದ ಮೇಲೆ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ತೆಗೆದವರು ನಾವು. ನಿಧಾನಿಗಳನ್ನು ಬೇರ್ಪಡಿಸದೆ ಜೊತೆಗೆ ಕೊಂಡೊಯ್ಯಬೇಕು ಎಂದು ಅದರಲ್ಲಿ ಅಡಿಗೆರೆ ಎಳೆದು ಬರೆದ ನೆನಪು. ಅಂಗಡಿಯ ಹಿರಿಯರು ಹೇಳಿದ ಅಜ್ಜಿಯ ಕಥೆಗೆ ಕಣ್ಣು ಒದ್ದೆ ಮಾಡಿಕೊಂಡ ನಾವು, ಅದೇ ಅಂಗಡಿಯ ಎದುರಿನಲ್ಲಿ ಒಬ್ಬ ಹುಡುಗನನ್ನು ‘ನಾವು’ ಎಂಬ ಮಾತಿನಿಂದಲೇ ಹೊರಗೆ ಇಳಿಸಿ ಬಂದಿದ್ದೆವು. ನೆನೆದಂತೆ, ಇಂತಹ ಕೆಲಸ ಇದು ಮೊದಲನೆಯದೂ ಅಲ್ಲ. ತರಗತಿಯಲ್ಲಿ ದಿನವೂ ಮಾಡುತ್ತಿದ್ದುದನ್ನೇ ಘಾಟಿಯಲ್ಲಿ ಮಾಡಿದ್ದೆವು. ಅಲ್ಲಿ ಗಾಡಿ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಮದೆನಾಡು ಮುಟ್ಟುವಾಗ ಮೂರೂವರೆ. ಎಲ್ಲರೂ ಅಲ್ಲಿ ಸೇರಿದ್ದರು. ಹಿಂದಿ ಟೀಚರ್ ಬಾಳೆಹಣ್ಣು ಹಂಚುತ್ತಿದ್ದರು. ಹುಡುಗ ಗಾಡಿಯ ಹಿಂದೆಯೇ ಕುಳಿತಿದ್ದ, ಕೈಯಲ್ಲಿ ಹಣ್ಣು ಸುಲಿಯದೆ ಹಾಗೆಯೇ ಇತ್ತು. ನಾವು ಹತ್ತಿರ ಹೋಗಿ, “ನಿನಗೆ ಸೈಕಲಿನಲ್ಲಿ ಬರಬೇಕು ಅಂತ ಇತ್ತಾ?” ಎಂದು ಕೇಳಿದೆವು. ಕೇಳಬೇಕಾದ ಜಾಗದಿಂದ ಐದಾರು ಕಿಲೋಮೀಟರು ಮೇಲೆ ಬಂದು ಕೇಳಿದ ಪ್ರಶ್ನೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಈ ಸಲ ನಾವು ಮುಂದಿನವರನ್ನು ಕೇಳಲಿಲ್ಲ, ಕಾದೆವು. “ಮಡಿಕೇರಿವರೆಗೆ ನಮ್ಮ ಸೈಕಲು ಹೋಗ್ತದೆ ಅಂತ ಅಪ್ಪನ ಹತ್ತಿರ ಹೇಳಿ ಬಂದಿದ್ದೆ ಸಾರ್” ಎಂದ.

ಏನು ಹೇಳುವುದೆಂದು ನಮಗೆ ತೋಚಲಿಲ್ಲ. ದಾರಿ ತೋರಿಸಿದವರು ಮಕ್ಕಳೇ. ಆ ಸರ್ವನಾಮದ ಹುಡುಗಿ ಗಾಡಿ ಹತ್ತಿ ಹಾಲಿನ ಸೈಕಲನ್ನು ಕೆಳಗಿಳಿಸಿದಳು. “ಒಬ್ಬೊಬ್ಬರು ಒಂದೊಂದು ಕಿಲೋಮೀಟರು ಇದನ್ನು ತುಳಿಯುವ. ಆ ಹೊತ್ತಿಗೆ ಅಣ್ಣ ನಮ್ಮ ಸೈಕಲು ತುಳಿಯಲಿ. ಎಲ್ಲರೂ ಒಟ್ಟಿಗೇ ಹೋಗುವ” ಎಂದಳು. ಸೂರ್ಯಾಸ್ತದ ಗತಿಯೇನು ಎಂದು ಯಾರೂ ಕೇಳಲಿಲ್ಲ. ಗಾಡಿ ಹಿಂದಿನಿಂದ ದೀಪ ಮಿನುಗಿಸುತ್ತಾ ಬರುವುದೆಂದೂ, ಮೇಷ್ಟರೊಬ್ಬರು ಮುಂದೆ, ಒಬ್ಬರು ಹಿಂದೆ ಇರುವುದೆಂದೂ ನಿಶ್ಚಯವಾಯಿತು. ಮಡಿಕೇರಿಗೆ ಇನ್ನೂ ಒಂಬತ್ತು ಕಿಲೋಮೀಟರಿನಷ್ಟು ದಾರಿ.

ಮೂರನೆಯ ಸರದಿ ನಮ್ಮದು. ಹಾಲಿನ ಸೈಕಲನ್ನು ಹತ್ತಿ ಹತ್ತು ಸುತ್ತು ತುಳಿಯುವಷ್ಟರಲ್ಲಿ ಎದೆ ಬಡಿದುಕೊಳ್ಳತೊಡಗಿತು. ಐವತ್ತು ಮಾರು ಹೋಗುವಾಗ ಇಳಿದೆವು. ತಳ್ಳಲು ನೋಡಿದರೆ ಅದು ಎಮ್ಮೆಯಂತೆ ಹಿಂದಕ್ಕೆ ಎಳೆಯುತ್ತದೆ. ವಿಜ್ಞಾನದ ಮೇಷ್ಟರು ಬಗ್ಗಿ ಹಲ್ಲು ಎಣಿಸಿದರು. ಪೆಡಲಿನ ಬಳಿಯ ದೊಡ್ಡ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಚಿಕ್ಕದಕ್ಕೆ 18. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗಲೇಬೇಕು. ಸಪಾಟು ರಸ್ತೆಯಲ್ಲಿ ಅದು ಅನುಕೂಲ, ಚಡಾವಿನಲ್ಲಿ ಶಿಕ್ಷೆ. ನಮ್ಮ ಗೇರಿನ ಸೈಕಲಿನ ಸಣ್ಣ ಗೇರಿನಲ್ಲಿ ಎರಡೂ ಕಡೆ 28 ಹಲ್ಲು, ಒಂದಕ್ಕೆ ಒಂದು. ಎಂದರೆ ಪೆಡಲಿನ ಪ್ರತಿ ಸುತ್ತಿಗೂ ಹುಡುಗ ನಮ್ಮ ಎರಡರಷ್ಟಕ್ಕಿಂತ ಹೆಚ್ಚು ದೂರ ಗುಡ್ಡ ಹತ್ತಬೇಕಿತ್ತು, ಅದೂ ಹೆಚ್ಚು ಭಾರದ ಸೈಕಲಿನಲ್ಲಿ. ಅವನು ಸುಳ್ಯದಿಂದ ಜೋಡುಪಾಲದವರೆಗೆ ಈ ಸೈಕಲನ್ನು ತಂದದ್ದೇ ನಮ್ಮೆಲ್ಲರಿಗಿಂತ ದೊಡ್ಡ ಕೆಲಸವಾಗಿತ್ತು. ನಾವು ವೇಗವನ್ನು ಮಾತ್ರ ನೋಡಿದ್ದೆವು, ಹಲ್ಲು ಎಣಿಸಿರಲಿಲ್ಲ. ಅತ್ತ ಅವನು ನಮ್ಮ ಸೈಕಲಿನ ಮೇಲೆ ಎಷ್ಟು ಸರಾಗವಾಗಿ ಹೋದನೆಂದರೆ, ದೈಹಿಕ ಶಿಕ್ಷಣದ ಮೇಷ್ಟರು “ಏಯ್, ನಿಲ್ಲು ಮಾರಾಯಾ, ನಿನ್ನ ಸಾರ್ ಇನ್ನೂ ಕೆಳಗಿದ್ದಾರೆ” ಎಂದು ಕೂಗಬೇಕಾಯಿತು. ಅವನು ತಿರುವಿನಲ್ಲಿ ಕಾಲೂರಿ ನಮಗಾಗಿ ಕಾದ. ಕಾಯುವುದರಲ್ಲಿ ಅವನಿಗೆ ಅವಸರವೇನೂ ಇರಲಿಲ್ಲ.

ಕಾಟಕೇರಿ ಕಳೆದ ಒಂದು ತಿರುವಿನಲ್ಲಿ ಮರಗಳ ನಡುವೆ ಪಡುವಣ ದಿಕ್ಕು ತೆರೆದುಕೊಂಡಿತು. ಸೂರ್ಯ ಅದಾಗಲೇ ಇಳಿದಾಗಿತ್ತು. ಆಕಾಶದಲ್ಲಿ ಕೆಂಪು ಮಾತ್ರ ಉಳಿದಿತ್ತು. ಕೆಳಗೆ ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು. ಎಲ್ಲಕ್ಕಿಂತ ಆಚೆಗೆ ಎಲ್ಲೋ ನಮ್ಮ ಊರು. ಯಾರೂ ಮಾತಾಡಲಿಲ್ಲ. ಎರಡು ನಿಮಿಷ ನಿಂತು, ಟಾರ್ಚು ಹಚ್ಚಿ ಮತ್ತೆ ಹೊರಟೆವು. ತಾಳತ್ತಮನೆಯ ಬಳಿ ಚಳಿ ಮೈಗೆ ಕಚ್ಚಿತು. ಮಡಿಕೇರಿಯ ದೀಪಗಳನ್ನು ಕಂಡಾಗ ಹಾಲಿನ ಸೈಕಲಿನ ಸರದಿ ಯಾರದೆಂದು ಲೆಕ್ಕ ತಪ್ಪಿತ್ತು. ಪೇಟೆಗೆ ಒಳಹೋಗುವಾಗ ಅದು ಅದರ ಯಜಮಾನನ ಕೈಗೇ ಬರಲಿ ಎಂದು ಎಲ್ಲರೂ ಬಿಟ್ಟುಕೊಟ್ಟರು. ಅವನೇ ಮುಂದಿನಿಂದ ಹೋದ. ಗಂಟೆ ಏಳು ದಾಟಿತ್ತು.

ಊಟವಾದ ಮೇಲೆ ದಿನಚರಿಯ ಪುಸ್ತಕ ಬಿಡಿಸಿ, “ಇಂದು ನಾವು ಹನ್ನೆರಡು ಮಂದಿ ಸುಳ್ಯದಿಂದ ಮಡಿಕೇರಿಯವರೆಗೆ ಸೈಕಲಿನಲ್ಲಿ ಬಂದೆವು” ಎಂದು ಬರೆದು ಓದಿ ಹೇಳಿದೆವು. ಮಕ್ಕಳು ಚಪ್ಪಾಳೆ ತಟ್ಟಿದರು. ಗೋಡೆಗೆ ಒರಗಿ ಕುಳಿತಿದ್ದ ಹುಡುಗ ಕೈಯೆತ್ತಿದ. “ಹನ್ನೊಂದು ಮಂದಿ ಅಂತ ಬರೆಯಿರಿ ಸಾರ್. ನಾನು ನಡುವೆ ಗಾಡಿಯಲ್ಲಿ ಬಂದದ್ದಲ್ಲವಾ?” ಸಿಟ್ಟಿನಿಂದ ಹೇಳಿದ ಮಾತಲ್ಲ, ಲೆಕ್ಕ ಸರಿಯಿರಲಿ ಎಂದು ಹೇಳಿದ್ದು. “ಹೋಗಲಿ, ಅದು ಸ್ವಲ್ಪ ದೂರ” ಎಂದರು ಯಾರೋ. “ಸ್ವಲ್ಪವಾದರೂ ಬಾಕಿ ಬಾಕಿಯೇ” ಎಂದ. ನಾವು ಹನ್ನೆರಡನ್ನು ಹೊಡೆದು ಹನ್ನೊಂದು ಎಂದು ತಿದ್ದಿ, ಅದರ ಕೆಳಗೆ, “ಒಬ್ಬ ವಿದ್ಯಾರ್ಥಿ ಜೋಡುಪಾಲದಿಂದ ಮದೆನಾಡಿನವರೆಗೆ ಗಾಡಿಯಲ್ಲಿ ಬಂದುದು ಕನ್ನಡ ಮೇಷ್ಟರ ತೀರ್ಮಾನದಿಂದ, ಅವನನ್ನು ಕೇಳಿರಲಿಲ್ಲ” ಎಂದು ಬರೆದು ಸಹಿ ಹಾಕಿದೆವು. ಆ ಪುಸ್ತಕ ಈಗ ಶಾಲೆಯ ಗ್ರಂಥಾಲಯದಲ್ಲಿದೆ.

ಮರುದಿನ ಬೆಳಿಗ್ಗೆ ರಾಜಾಸೀಟಿಗೆ ಹೋದೆವು. ಸೂರ್ಯಾಸ್ತದ ಬದಲಿಗೆ ಕಣಿವೆಯ ತುಂಬ ಬಿಳಿ ಮಂಜು ಸಿಕ್ಕಿತು. ಈ ಬೆಟ್ಟಸಾಲಿನ ನೀರು ಎರಡು ದಾರಿ ಹಿಡಿಯುವುದನ್ನು ಮಕ್ಕಳಿಗೆ ಹೇಳಿದೆವು. ಮೂಡಣಕ್ಕೆ ಇಳಿದ ಮಳೆ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಡುವಣಕ್ಕೆ, ಸಂಪಾಜೆಯ ಕಡೆಗೆ ಇಳಿದದ್ದು ಪಯಸ್ವಿನಿಯಾಗಿ ನಮ್ಮ ಊರಿಗೆ ಬರುತ್ತದೆ. “ಹಾಗಾದರೆ ಇಲ್ಲಿನ ಮಂಜಿನಲ್ಲಿ ಸ್ವಲ್ಪ ನಮ್ಮದೂ ಉಂಟು” ಎಂದಳು ಆ ಹುಡುಗಿ. ಯಾವ ‘ನಮ್ಮದು’ ಎಂದು ನಾವು ಕೇಳಲಿಲ್ಲ.

ಇಳಿಯುವ ದಾರಿ ಸುಲಭ. ಬ್ರೇಕಿನ ಮೇಲೆ ಕೈಯಿಟ್ಟು, ತಿರುವಿಗೊಮ್ಮೆ ನಿಂತು ನಿಂತು ಬಂದೆವು. ಮದೆನಾಡಿನಿಂದ ಜೋಡುಪಾಲದವರೆಗೆ ಹುಡುಗ ಅಕ್ಕಪಕ್ಕದ ಮೋರಿ, ಮೈಲಿಗಲ್ಲು, ತಿರುವುಗಳನ್ನೆಲ್ಲ ಗಮನಿಸುತ್ತಾ ನಿಧಾನವಾಗಿ ಇಳಿದ. “ಈಗ ಈ ತುಂಡೂ ಆಯಿತಲ್ಲ” ಎಂದು ನಾವು ಸಮಾಧಾನಕ್ಕೆ ಹೇಳಿದರೆ, “ಇಳಿದದ್ದು ಲೆಕ್ಕಕ್ಕಿಲ್ಲ ಸಾರ್, ಹತ್ತಬೇಕು” ಎಂದ.

ಇದಾದ ಮೇಲೆ ತರಗತಿಯಲ್ಲಿ ನಾವೊಂದು ಸಣ್ಣ ನಿಯಮ ಮಾಡಿಕೊಂಡಿದ್ದೇವೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಇಪ್ಪತ್ತು ಎಣಿಸುವುದು. ಪಾಠಗಳು ಸ್ವಲ್ಪ ಹಿಂದೆ ಬಿದ್ದಿವೆ, ಮುಖ್ಯೋಪಾಧ್ಯಾಯರು ಕ್ಷಮಿಸಬೇಕು. ಕೊನೆಯ ಬೆಂಚಿನಿಂದ ಕೆಲವು ಉತ್ತರಗಳು ಹದಿನೈದು ಹದಿನಾರು ಎಣಿಸುವಾಗ ಬರುತ್ತವೆ. ಅವುಗಳಲ್ಲಿ ಒಳ್ಳೆಯವೂ ಇರುತ್ತವೆ.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಆ ಹುಡುಗ ಮಾರ್ಚಿನ ಪರೀಕ್ಷೆ ಬರೆದು ಶಾಲೆಯಿಂದ ಹೊರಟಿರುತ್ತಾನೆ. ಮಳೆಗಾಲ ಹಿಡಿಯುವ ಮುನ್ನ ಒಂದು ದಿನ ಎರಡು ಸೈಕಲನ್ನು ಗಾಡಿಗೆ ಹಾಕಿ ಜೋಡುಪಾಲಕ್ಕೆ ಹೋಗಿ, ಅಲ್ಲಿಂದ ಮದೆನಾಡಿನವರೆಗೆ ಆ ಬಾಕಿಯ ಐದಾರು ಕಿಲೋಮೀಟರು ಹತ್ತಿ ಬರುವುದೆಂದು ಮಾತಾಗಿದೆ. ಗೇರಿನ ಸೈಕಲು ಅವನಿಗಿರಲಿ, ಹಾಲಿನ ಸೈಕಲನ್ನು ನಾವು ತೆಗೆದುಕೊಳ್ಳುತ್ತೇವೆ ಎಂದು ಹೇಳಿ ನೋಡಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿದ. ನಾವು ಕಾದೆವು. ನಮ್ಮ ಜೊತೆಗೆ ಬರಲು ಅವನು ಒಪ್ಪಿದ್ದಾನೆ. ಆದರೆ ಹಾಲಿನ ಸೈಕಲು ಮಾತ್ರ ತನಗೇ ಬೇಕಂತೆ.